ಸ್ಟಾರ್ ಸ್ಟಿಕ್ಕರ್ ಕೊಡ್ದಿದ್ರೆ ಮಕ್ಳು ಕ್ರೇಯಾನ್ ಮುಟ್ತಾನೇ ಇಲ್ಲ, ಏನ್ ಮಾಡ್ಲಿ?

ಎಲ್‌ಕೆಜಿ_ಮಿಸ್:
ಎಲ್ರಿಗೂ ನಮಸ್ಕಾರ. ಸರ್ಕಾರಿ ಶಾಲೆ ಎಲ್‌ಕೆಜಿಗೆ ಈ ವರ್ಷ ಸೇರ್ಕೊಂಡಿದೀನಿ, 26 ಮಕ್ಳು. ಡಿಪ್ಲೊಮಾದಲ್ಲಿ ಸ್ಕಿನ್ನರ್, ಪಿಯಾಜೆ, ವೈಗೋಟ್ಸ್ಕಿ ಅಂತ ಕಲಿಕೆ ಬಗ್ಗೆ ಬರೆದ ಮನಃಶಾಸ್ತ್ರಜ್ಞರನ್ನೆಲ್ಲಾ ಉರು ಹೊಡ್ದು ಪಾಸಾದೆ, ಕ್ಲಾಸಿಗೆ ಬಂದ್ಮೇಲೆ ಕೆಲ್ಸಕ್ಕೆ ಬಂದಿದ್ದು "ಬಹುಮಾನ ಸಿಕ್ಕಿದ ಕೆಲ್ಸಾನ ಮತ್ತೆ ಮಾಡ್ತಾರೆ" ಅಂದ ಸ್ಕಿನ್ನರ್ ಒಬ್ರೇ, ಈಗ ಅವ್ರೂ ಕೈ ಕೊಡ್ತಿದಾರೆ. ಜೂನ್‌ನಲ್ಲಿ ಚಿತ್ರ ಬಿಡಿಸಿದೋರಿಗೆಲ್ಲ ಕೈ ಮೇಲೆ ಸ್ಟಾರ್ ಅಂಟಿಸೋಕೆ ಶುರು ಮಾಡ್ದೆ, ಎರಡು ವಾರ ಸ್ವರ್ಗ. ಈಗ ಕ್ರೇಯಾನ್ ಕೊಟ್ಟ ತಕ್ಷಣ "ಮಿಸ್ ಸ್ಟಾರ್ ಕೊಡ್ತೀರಾ?" ಒಬ್ಬ ಹುಡ್ಗ ಇದಾನೆ, ಮೊದ್ಲು ಟ್ರ್ಯಾಕ್ಟರ್ ಬರೆದ್ರೆ ಹೊಗೆ, ಡ್ರೈವರ್ ತಲೆ ಮೇಲಿನ ಟವಲ್ ಸಮೇತ ಬರೀತಿದ್ದ, ಈಗ ಎರಡು ಗೆರೆ ಎಳೆದು ಕೈ ಚಾಚ್ತಾನೆ. ಲೆಕ್ಕದಲ್ಲೂ ಹಂಗೇ, ಉತ್ರ ಹೇಳೋಕ್ ಮುಂಚೆ ನನ್ ಮುಖ ನೋಡ್ತವೆ. ಏನ್ ತಪ್ಪು ಮಾಡ್ತಿದೀನಿ?

ಮಸಿ_ಕೈ:
ನಿಮ್ ಕ್ಲಾಸ್ ಕತೆ 1973ರಲ್ಲೇ ಸಂಶೋಧನಾ ಪೇಪರ್ ಆಗಿದೆ ಮೇಡಂ. ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂರು ಜನ, ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ಕ್ಯಾಂಪಸ್ಸಿನ ನರ್ಸರಿ ಶಾಲೆ. ಸ್ಕೆಚ್ ಪೆನ್ ಅಂದ್ರೆ ಮೊದ್ಲೇ ಪ್ರಾಣ ಬಿಡೋ ಮಕ್ಳನ್ನೇ ಆರಿಸ್ಕೊಂಡ್ರು. ಒಂದು ಗುಂಪಿಗೆ "ಬರೆದ್ರೆ ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದ್ಲೇ ಹೇಳಿದ್ರು, ಇನ್ನೊಂದಕ್ಕೆ ಹೇಳ್ದೆ ಆಮೇಲೆ ಕೊಟ್ರು, ಮೂರನೇದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಸುಮ್ನೆ ಪೆನ್ ಇಟ್ಟು ನೋಡಿದ್ರೆ ಮೊದಲ್ನೇ ಗುಂಪು ಬರೆಯೋಕೆ ಕೊಟ್ಟ ಟೈಮು ಉಳಿದೋರ ಅರ್ಧದಷ್ಟು. ಹೇಳ್ದೆ ಕೊಟ್ಟೋರಿಗೆ ಏನೂ ಆಗಿರ್ಲಿಲ್ಲ! ಅಂದ್ರೆ ಕೆಡಿಸಿದ್ದು ಸ್ಟಾರ್ ಅಲ್ಲ, ಚೌಕಾಸಿ. ಹಾಗಂತ ಸ್ಟಿಕ್ಕರ್ ಶೀಟ್ ಬಿಸಾಡ್ಬೇಡಿ, ಕೈ ತೊಳ್ಯೋದು, ಚಪ್ಪಲಿ ಸಾಲಾಗಿ ಬಿಡೋದು, ಇಂಥ ಯಾರಿಗೂ ಇಷ್ಟ ಇಲ್ದಿರೋ ಕೆಲ್ಸಕ್ಕೆ ಇಟ್ಕೊಳ್ಳಿ. ಚಿತ್ರಕ್ಕೆ ಬೇಡ, ಅದರ ಬದ್ಲು "ಈ ಟ್ರ್ಯಾಕ್ಟರ್ ಎಲ್ಲಿಗೆ ಹೊರಟಿದೆಯೋ?" ಅಂತ ಕೇಳಿ ನೋಡಿ.

ಹುಣಸೆಬೀಜ:
ಅಂಗನವಾಡಿಲಿ 14 ವರ್ಷ ಆಯ್ತು ನಂಗೆ. ಮುಖ ನೋಡ್ತವೆ ಅಂದ್ರಲ್ಲ, ಅದಕ್ಕೆ ಹೇಳ್ತೀನಿ. ಆರಾರು ಹುಣಸೆಬೀಜ ಎರಡು ಸಾಲು ಇಟ್ಟು "ಎರಡೂ ಸಮ ಇದೆಯಾ?" ಅಂದ್ರೆ ಹೂಂ ಅಂತವೆ, ಒಂದು ಸಾಲನ್ನ ಅಗಲ ಮಾಡಿ ಮತ್ತೆ ಕೇಳಿದ್ರೆ "ಇದ್ರಲ್ಲಿ ಜಾಸ್ತಿ" ಅಂತವೆ. ಪಿಯಾಜೆ ಪ್ರಕಾರ ಆ ವಯಸ್ಸಿಗೆ ಅಷ್ಟೇ ತಿಳಿಯೋದು. ಆದ್ರೆ 70ರ ದಶಕದಲ್ಲಿ ಮ್ಯಾಕ್‌ಗ್ಯಾರಿಗಲ್, ಡೊನಾಲ್ಡ್‌ಸನ್ ಅನ್ನೋರು ಸಾಲನ್ನ ತಾವು ಕದಲಿಸ್ದೆ ಒಂದು ತುಂಟ ಟೆಡ್ಡಿ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದ್ರು, ಆಗ ಅರ್ಧಕ್ಕಿಂತ ಜಾಸ್ತಿ ಮಕ್ಳು ಸಮ ಅಂದ್ವು. ದೊಡ್ಡೋರು ತಾವೇ ಕದಲಿಸಿ ಅದೇ ಪ್ರಶ್ನೆ ಎರಡ್ನೇ ಸಲ ಕೇಳಿದ್ರೆ ಮಗುಗೆ "ಓ ಮೊದಲ್ನೇ ಉತ್ರ ತಪ್ಪಾಯ್ತೇನೋ" ಅನ್ಸುತ್ತಂತೆ. ನಾನು ಹಳೇ ಕಾಲುಚೀಲದಲ್ಲಿ ಕೋತಿ ಮಾಡ್ಕೊಂಡಿದೀನಿ, ಅದೇ ಬಂದು ಬೀಜ ಚೆಲ್ಲೋದು, ಮಕ್ಳು ಬೈದು ಎಣಿಸಿ ಜೋಡಿಸ್ತವೆ, ನನ್ ಕಡೆ ತಿರುಗೂ ನೋಡಲ್ಲ.

ಸುಮ್ನೆ_ಓದೋನು:
ಥಿಯರಿ ಎಲ್ಲ ಸರಿ, ಪೇರೆಂಟ್ಸ್ ಬಂದು "ಇನ್ನೂ ಎಬಿಸಿಡಿ ಬರೆಸಿಲ್ವಾ" ಅಂದಾಗ ಯಾವ ಕೋತಿ ತೋರಿಸ್ತೀರಿ? 26 ಮಕ್ಳಿಗೆ ಒಬ್ರೇ ಟೀಚರ್ ಬೇರೆ.

ಹುಣಸೆಬೀಜ:
ಒಬ್ರೇ ಟೀಚರ್ ಅಂದ್ರಲ್ಲ, ಅದಕ್ಕೇ ವೈಗೋಟ್ಸ್ಕಿ ಇರೋದು ಸ್ವಾಮಿ, ಗೊತ್ತಿರೋರ ಜೊತೆ ಸೇರಿ ಮಗು ಕಲಿಯುತ್ತೆ ಅಂದೋರು. ಅಂಗಿ ಗುಂಡಿ ಹಾಕೋಕೆ ಬರೋ ಹುಡ್ಗೀನ ಬರದಿರೋನ ಪಕ್ಕ ಕೂರ್ಸಿ, ನನಗಿಂತ ಚೆನ್ನಾಗಿ ಹೇಳ್ಕೊಡ್ತಾಳೆ, "ಮೊದ್ಲು ಕೆಳಗಿನ್ದು ಹಾಕು, ಆಮೇಲೆ ಮೇಲ್ ಬಾ" ಅಂತ. ಪೇರೆಂಟ್ಸ್‌ಗೆ ಮಾತ್ರ ನನ್ ಹತ್ರ ಮದ್ದಿಲ್ಲ.

ಎಲ್‌ಕೆಜಿ_ಮಿಸ್:
ಅಪ್‌ಡೇಟ್. ಒಂದು ವಾರ ಚಿತ್ರಕ್ಕೆ ಸ್ಟಾರ್ ನಿಲ್ಸಿದೆ, ಮೂರು ದಿನ ಗಲಾಟೆನೋ ಗಲಾಟೆ. ಟ್ರ್ಯಾಕ್ಟರ್ ಎಲ್ಲಿಗೆ ಹೊರಟಿದೆ ಅಂತ ಕೇಳಿದ್ದಕ್ಕೆ "ಕಬ್ಬಿಗೆ" ಅಂತ ಹೇಳಿ ಹಿಂದೆ ಟ್ರೈಲರ್ ಬರೆದ, ಟವಲ್ ಇನ್ನೂ ವಾಪಸ್ ಬಂದಿಲ್ಲ. ಕೋತೀನೂ ಮಾಡ್ದೆ. ಬೀಜ ಎಲ್ಲಾ ಎಣಿಸಿ ಜೋಡಿಸಿದ್ಮೇಲೆ ಅದೇ ಹುಡ್ಗ ಕೇಳ್ತಾನೆ, "ಮಿಸ್, ಕೋತಿಗೆ ಸ್ಟಾರ್ ಕೊಡಲ್ಲ ಅಲ್ವಾ?"