ಮಣಿಪಾಲದ ಖಾಲಿ ಫ್ಲಾಟ್ ದಿನದ ಬಾಡಿಗೆಗೆ ಕೊಡಬಹುದಾ?

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ. ಘಟಿಕೋತ್ಸವ, ಅಡ್ಮಿಷನ್ ಅಂತ ಮಕ್ಕಳ ಅಪ್ಪ-ಅಮ್ಮಂದಿರು ಮಣಿಪಾಲಕ್ಕೆ ಬರುತ್ತಲೇ ಇರುತ್ತಾರೆ, ಅಲ್ಲಿನ ನಮ್ಮ 2 ಬಿಎಚ್‌ಕೆಯನ್ನು ಏರ್‌ಬಿಎನ್‌ಬಿಗೆ ಹಾಕೋಣ ಅಂತಿದ್ದೇನೆ. ಹೋಮ್‌ಸ್ಟೇ ಅಂತ ನೋಂದಣಿ ಮಾಡಿಸಬಹುದಾ?

ಕಡಲತಡಿಯವ: ಹೋಮ್‌ಸ್ಟೇ ಅಂದರೆ ಮನೆಯವರು ಅಲ್ಲೇ ಇರಬೇಕು ಮಾರಾಯ್ರೆ! ಬೀಗದ ಕೈ ಪಕ್ಕದ ಮನೆಯಲ್ಲಿಟ್ಟು ನೀವು ಬೆಂಗಳೂರಲ್ಲಿ ಕೂತರೆ ಪ್ರವಾಸೋದ್ಯಮ ಇಲಾಖೆ ಒಪ್ಪುವುದಿಲ್ಲ.

ಮೂರನೇ ಮಹಡಿ: ಮೊದಲು ಅಸೋಸಿಯೇಷನ್ ಬೈಲಾ ಓದಿ. ನಮ್ಮ ಬಿಲ್ಡಿಂಗ್‌ನಲ್ಲಿ ಒಬ್ಬರು ಯಾರನ್ನೂ ಕೇಳದೆ ಶುರು ಮಾಡಿ, ರಾತ್ರಿ 2 ಗಂಟೆಗೆ ಪಾರ್ಟಿ ಗಲಾಟೆಯಾಗಿ, ಈಗ ವಾಚ್‌ಮ್ಯಾನ್ ನನ್ನ ಭಾವನನ್ನೂ ಒಳಗೆ ಬಿಡುವುದಿಲ್ಲ.

ಉಡುಪಿ ಹುಡುಗಿ: ವಿದೇಶಿಯರು ಒಂದೇ ರಾತ್ರಿ ಉಳಿದರೂ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಸಿ ಫಾರ್ಮ್ ಅಂತಲೇ ರೂಢಿ) ಆನ್‌ಲೈನ್‌ನಲ್ಲಿ ತುಂಬಲೇಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಸುಮ್ನೆ ವಿದ್ಯಾರ್ಥಿಗಳಿಗೇ 11 ತಿಂಗಳಿಗೆ ಕೊಟ್ಟುಬಿಡುತ್ತೇನೆ.