ಸತ್ತ ಸ್ನೇಲ್ ಒಳಗೆ ಬ್ರಿಸಲ್ ವರ್ಮ್ ಗುಂಪು, ಕೊಂದಿದ್ದು ಇವೇನಾ?

ಉಪ್ಪುನೀರು_ಹೊಸಬ:
ಎಲ್ರಿಗೂ ನಮಸ್ಕಾರ. ನನ್ನ ರೀಫ್ ಟ್ಯಾಂಕಲ್ಲಿ (ಕೋರಲ್ ಇರೋ ಉಪ್ಪುನೀರಿನ ಅಕ್ವೇರಿಯಂ) ಸ್ನೇಲ್‌ಗಳು ಒಂದೊಂದಾಗಿ ಸಾಯ್ತಾ ಇವೆ. ನಿನ್ನೆ ಲೈಟ್ ಆಫ್ ಆದ್ಮೇಲೆ ಟಾರ್ಚ್ ಹಾಕಿ ನೋಡ್ತೀನಿ, ಮರಳ ಮೇಲೆ ಬಿದ್ದಿದ್ದ ಆಸ್ಟ್ರೇಯಾ ಸ್ನೇಲ್ (ಪಾಚಿ ತಿನ್ನೋ ಸಮುದ್ರದ ಬಸವನಹುಳ) ಚಿಪ್ಪಿನ ಒಳಗೆ ಬ್ರಿಸಲ್ ವರ್ಮ್‌ಗಳು ಮುತ್ಕೊಂಡಿದಾವೆ, ಗುಲಾಬಿ ಕಂದು ಮಿಕ್ಸ್ ಬಣ್ಣ, ಎರಡೂ ಪಕ್ಕದಲ್ಲಿ ಸಾಲಾಗಿ ಬಿಳಿ ಕೂದಲ ಗೊಂಚಲು, ದೊಡ್ಡದು ಒಂದು ಬೆರಳುದ್ದ ಇರ್ಬೋದು. ಬೆಳಕು ಬಿದ್ದಿದ್ದೇ ತಡ ಸರ್ರಂತ ಲೈವ್ ರಾಕ್ (ಜೀವಿಗಳು ತುಂಬಿರೋ ಸಮುದ್ರದ ಕಲ್ಲು) ಸಂದಿಗೆ ನುಗ್ಗಿದ್ವು. ಮೊದ್ಲು ಅಲ್ಲೊಂದು ಇಲ್ಲೊಂದು ಕಾಣ್ತಿತ್ತು, ಈಗ ಯಾವ ಕಲ್ಲೆತ್ತಿದ್ರೂ ಅವೇ. ಅಮೋನಿಯಾ ಸೊನ್ನೆ, ನೈಟ್ರೇಟ್ 40, ಸ್ಯಾಲಿನಿಟಿ 1.025, ಟೆಂಪರೇಚರ್ 26. ಸಿಕ್ಕಿದ್ದನ್ನೆಲ್ಲ ಕತ್ರೀಲಿ ಕತ್ತರಿಸಿ ಹಾಕ್ಲಾ, ಇಲ್ಲ ನಾಯಿಗೆ ಕೊಡೋ ಜಂತುಹುಳದ ಔಷಧಿ ಹಾಕಿದ್ರೆ ಎಲ್ಲ ಹೋಗತ್ತೆ ಅಂತಾರಲ್ಲ, ಅದನ್ನ ಹಾಕ್ಲಾ?

ಕಲ್ಲುಸಂದಿ:
ಗುರು, ಮೊದ್ಲು ಆ ಕತ್ರಿ ಕೆಳಗಿಡಿ. ನೀವು ಹೇಳಿದ ಬಣ್ಣ ನೋಡಿದ್ರೆ ಯೂರಿಥೋ ಅಥವಾ ಅದರ ಹತ್ತಿರದ ಜಾತಿ ಥರ ಇದೆ, ಆಂಫಿನೋಮಿಡ್ ಕುಟುಂಬದ್ದು. ಯೂರಿಥೋ ಕಾಂಪ್ಲನೇಟಾ ತುಂಡಾಗಿ ಕೂಡ ಮರಿ ಮಾಡತ್ತೆ, ಮೈ ತಾನಾಗೇ ಕಡಿದು ಬೀಳತ್ತೆ, ಒಂದೊಂದು ತುಂಡೂ ತಲೆ ಬಾಲ ಬೆಳೆಸ್ಕೊಂಡು ಪೂರ್ತಿ ಹುಳ ಆಗತ್ತೆ. ನೀವು ಕತ್ತರಿಸಿದ್ರೆ ಅದರ ಕೆಲಸ ನೀವೇ ಮಾಡ್ಕೊಟ್ಟಂಗೆ.

ಇನ್ನು ಕೊಂದಿದ್ದು ಇವೇನಾ ಅಂದ್ರೆ, ನನಗಂತೂ ಅನುಮಾನ. ಇವು ಕೊಳೆತಿದ್ದು, ಉಳಿದ ಫುಡ್ಡು, ಮೀನಿನ ಹಿಕ್ಕೆ ತಿನ್ಕೊಂಡಿರೋವು, ವಾಸನೆ ಬಂದ್ರೆ ಸಾಕು ಕತ್ತಲಲ್ಲಿ ಎಲ್ಲಾ ಸಂದಿಗಳಿಂದ ಬಂದು ಸೇರ್ತಾವೆ. ಹೆಣದ ಹತ್ರ ಸಿಕ್ಕಿದವರೆಲ್ಲ ಕೊಲೆಗಾರರಲ್ಲ. ಎರಡು ಪ್ರಶ್ನೆ. ಸ್ನೇಲ್ ಬಿದ್ದಿದ್ದಾಗ ಚಿಪ್ಪಿನ ಬಾಯಿ ಮೇಲಕ್ಕಿತ್ತಾ? ಮೀನಿಗೆ ದಿನಕ್ಕೆ ಎಷ್ಟು ಸಲ ಫುಡ್ ಹಾಕ್ತೀರಾ?

ಉಪ್ಪುನೀರು_ಹೊಸಬ:
ಹೌದು ಸರ್, ಬಾಯಿ ಮೇಲೆ ಮಾಡ್ಕೊಂಡು ಬಿದ್ದಿತ್ತು, ಈ ಹಿಂದೆ ಸತ್ತವೂ ಹಂಗೇ ಇದ್ವು ಅನ್ಸತ್ತೆ. ಫುಡ್ ಮೂರು ಹೊತ್ತು, ಫ್ರೋಜನ್ ಕ್ಯೂಬು. ಅದನ್ನ ಕರಗಿಸಿ ಆ ನೀರ ಸಮೇತ ಹಾಕ್ತೀನಿ.

ಕಲ್ಲುಸಂದಿ:
ಹಂಗಾದ್ರೆ ವಿಷಯ ಅರ್ಧ ಗೊತ್ತಾಯ್ತು. ಆಸ್ಟ್ರೇಯಾಗೆ ಮರಳ ಮೇಲೆ ಅಂಗಾತ ಬಿದ್ರೆ ಮಗುಚ್ಕೊಳ್ಳೋಕೆ ಬರಲ್ಲ, ಗಾಜಿಂದ ಜಾರಿ ಬಿದ್ದು ಅಲ್ಲೇ ಸುಸ್ತಾಗಿ ಸಾಯತ್ತೆ, ಆಮೇಲೆ ಹುಳಗಳು ಬರ್ತಾವೆ. ಇನ್ಮೇಲೆ ಬೆಳಿಗ್ಗೆ ರಾತ್ರಿ ಒಂದ್ಸಲ ನೋಡಿ, ಬಿದ್ದಿದ್ರೆ ಎತ್ತಿ ಕಲ್ಲಿಗೆ ಕೂರಿಸಿ.

ಹುಳ ಹೆಚ್ಚಾಗಿರೋದು ಫುಡ್ ಹೆಚ್ಚಾಗಿರೋದಕ್ಕೆ, ಕೊಳೆತ ಫುಡ್ಡಿಂದ ಏರಿರೋ ನೈಟ್ರೇಟ್ 40 ಕೂಡ ಅದನ್ನೇ ಹೇಳ್ತಾ ಇದೆ. ಆ ಕರಗಿದ ನೀರು ಸೋಸಿ ಚೆಲ್ಲಿ, ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗ್ಸೋವಷ್ಟೇ ಹಾಕಿ, ಕಲ್ಲಿನ ಹಿಂದೆ ಕೂತಿರೋ ಕಸ ನೀರು ಚೇಂಜ್ ಮಾಡುವಾಗ ಸೈಫನ್ ಮಾಡಿ. ಊಟ ಕಮ್ಮಿ ಆದ್ರೆ ನಿಧಾನವಾಗಿ ಅವೂ ಕಮ್ಮಿ ಆಗ್ತಾವೆ, ಪೂರ್ತಿ ಹೋಗೋದು ಬೇಡ, ನಿಮ್ಮ ಕೈ ಹೋಗದಿರೋ ಸಂದಿಗಳನ್ನ ಕ್ಲೀನ್ ಮಾಡೋದು ಅವೇ.

ಬರಿಗೈಲಿ ಮಾತ್ರ ಮುಟ್ಬೇಡಿ. ಬೇರೆ ಪಾಲಿಕೀಟ್‌ಗಳ (ಮೈ ಪಕ್ಕ ಕೂದಲಿರೋ ಸಮುದ್ರದ ಹುಳಗಳು, ಬ್ರಿಸಲ್ ವರ್ಮ್ ಕೂಡ ಇದೇ ಗುಂಪು) ಕೂದಲು ಮುಖ್ಯವಾಗಿ ಕೈಟಿನ್ನು, ಅಂದ್ರೆ ಕೀಟಗಳ ಮೈ ಹೊದಿಕೆಯಲ್ಲಿರೋ ವಸ್ತು, ಈ ಕುಟುಂಬದ್ದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿರತ್ತೆ, ಗಾಜಿನ ಎಳೆ ಥರ ಚರ್ಮಕ್ಕೆ ಚುಚ್ಚಿ ಅಲ್ಲೇ ಮುರಿಯತ್ತೆ, ಉರಿಯತ್ತೆ. ಚುಚ್ಕೊಂಡ್ರೆ ಉಜ್ಜಬೇಡಿ, ಒಳಗೋಗತ್ತೆ. ಗಮ್ ಟೇಪ್ ಅಂಟಿಸಿ ಎಳೀರಿ. ಊತ ಜೋರಾದ್ರೆ, ಉಸಿರಾಡೋಕೆ ಕಷ್ಟ ಆದ್ರೆ ಡಾಕ್ಟರ್ ಹತ್ರ ಹೋಗಿ.

ಟ್ಯಾಂಕ್_ಮಾವ:
ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಂದು ಆರೋ ಕ್ರ್ಯಾಬ್ ಬಿಡಿ, ಹುಳ ಹಿಡಿದು ನೂಡಲ್ಸ್ ಎಳೆದಂಗೆ ಎಳೆದು ತಿನ್ನತ್ತೆ. ಸಿಕ್ಸ್ ಲೈನ್ ರಾಸ್ ಮೀನಾದ್ರೂ ಆಯ್ತು.

ಕಲ್ಲುಸಂದಿ:
ತಿನ್ನತ್ತೆ ನಿಜ, ಆದ್ರೆ ಆರೋ ಕ್ರ್ಯಾಬ್ ಫೆದರ್ ಡಸ್ಟರನ್ನೂ (ಗರಿ ಥರ ಬಿಚ್ಕೊಳ್ಳೋ ಕೊಳವೆ ಹುಳ) ಬಿಡಲ್ಲ, ಸಣ್ಣ ಮೀನಿಗೂ ಕೈ ಹಾಕತ್ತೆ. ಸಿಕ್ಸ್ ಲೈನ್ ದೊಡ್ಡದಾದ್ಮೇಲೆ ಹೊಸ ಮೀನು ಬಿಡೋಕೇ ಕೊಡಲ್ಲ. ಹುಳಕ್ಕೋಸ್ಕರ ಅಂತ ತಂದು ಆಮೇಲೆ ಅದನ್ನ ಹಿಡಿಯೋಕೆ ಕಲ್ಲೆಲ್ಲ ಕೀಳೋದು ನನಗೆ ಬೇಡ. ತೀರಾ ಬೇಕಂದ್ರೆ ಸಣ್ಣ ತೂತಿರೋ ಪ್ಲಾಸ್ಟಿಕ್ ಡಬ್ಬೀಲಿ ಸೀಗಡಿ ತುಂಡಿಟ್ಟು ರಾತ್ರಿ ಬಿಡಿ, ಬೆಳಿಗ್ಗೆ ಲೈಟ್ ಬರೋ ಮೊದ್ಲು ಎತ್ತಿ.

ಉಪ್ಪುನೀರು_ಹೊಸಬ:
ಅಪ್‌ಡೇಟ್. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿ ನೋಡಿದೆ, ಓಡಲಿಲ್ಲ. ಸಾಯಂಕಾಲ ಒಂದು ಸ್ನೇಲ್ ಅಂಗಾತ ಬಿದ್ದಿತ್ತು, ಎತ್ತಿ ಕೂರಿಸಿದೆ, ಬೆಳಿಗ್ಗೆ ಗಾಜಿನ ಮೇಲಿತ್ತು. ಆದ್ರೆ ಇನ್ನೊಂದು ವಿಷಯ, ಒಂದು ದೊಡ್ಡ ಕಲ್ಲಿನ ತೂತಿಂದ ಬೇರೆ ಥರದ ಹುಳ ತಲೆ ಹಾಕ್ತು, ಬಿಳಿ ಕೂದಲಿಲ್ಲ, ಮೈ ಕಾಮನಬಿಲ್ಲಿನ ಬಣ್ಣ ಹೊಳೀತಿತ್ತು, ತಲೆ ಮೇಲೆ ಐದು ಮೀಸೆ. ನೋರಿ (ಒಣಗಿಸಿದ ಸಮುದ್ರ ಪಾಚಿ) ತುಂಡು ಎಳ್ಕೊಂಡು ಒಳಗೋಯ್ತು. ಇದೂ ಪಾಪದ್ದೇನಾ?

ಕಲ್ಲುಸಂದಿ:
ಐದು ಮೀಸೆ, ಹೊಳೆಯೋ ಮೈ, ತಲೆ ಮಾತ್ರ ಆಚೆ ಅಂದ್ರೆ ಅದು ಯೂನಿಸ್ ಗುಂಪಿನದು. ಇದಕ್ಕೆ ದವಡೆ ಇದೆ. ಬಾಬಿಟ್ ವರ್ಮ್ ಅಂತ ವಿಡಿಯೋಗಳಲ್ಲಿ ಮೀನನ್ನ ಮರಳೊಳಗೆ ಎಳ್ಕೊಳತ್ತಲ್ಲ, ಅದೂ ಯೂನಿಸೇ. 2009ರಲ್ಲಿ ಜಪಾನಿನ ಶಿರಹಾಮದಲ್ಲಿ ಒಂದು ತೆಪ್ಪದ ತೇಲುಬುಂಡೆ ಒಳಗೆ ಸಿಕ್ಕಿದ್ದು 299 ಸೆಂಟಿಮೀಟರ್ ಉದ್ದ, ಮೈಯಲ್ಲಿ 673 ಉಂಗುರದಂಥ ಖಂಡ, 433 ಗ್ರಾಂ. ನಿಮ್ಮದು ಅದೇ ಅಂತಲ್ಲ, ಯೂನಿಸ್‌ನಲ್ಲಿ ಎಷ್ಟೋ ಜಾತಿ ಪಾಚಿ ಕಸ ತಿನ್ಕೊಂಡೇ ಇರ್ತಾವೆ, ನೋರಿ ಎಳೆದಿದ್ದು ನೋಡಿದ್ರೆ ಇದೂ ಹಂಗೇ ಇರ್ಬೋದು. ಆದ್ರೂ ಕೋರಲ್ ಇರೋ ಟ್ಯಾಂಕಲ್ಲಿ ನಾನಾದ್ರೆ ಇಟ್ಕೊಳಲ್ಲ. ಎಳೀಬೇಡಿ, ಅರ್ಧಕ್ಕೆ ಕಡಿದು ಒಳಗೇ ಉಳ್ಕೊಳತ್ತೆ. ಆ ಕಲ್ಲನ್ನ ಹಂಗೇ ಎತ್ತಿ ಟ್ಯಾಂಕ್ ನೀರಿರೋ ಬಕೆಟ್ಟಿಗೆ ಹಾಕಿ, ಹೀಟರ್ ಪಂಪ್ ಇಡಿ, ಕೋರಲ್ ಇಲ್ಲದ ಕಡೆ ಬೇರೆಯಾಗೇ ಇರಲಿ.

ಉಪ್ಪುನೀರು_ಹೊಸಬ:
ಕಲ್ಲು ಬಕೆಟ್ಟಿಗೆ ಹೋಯ್ತು ಸರ್. ಕೊನೇ ಡೌಟು, ಔಷಧಿ ಯಾಕೆ ಬೇಡ? ಮತ್ತೆ ಗಾಜಿನ ಮೇಲೆ ಬಿಳಿ ಬಿಳಿ ಸುರುಳಿ ಚುಕ್ಕೆಗಳಿವೆ, ಅವೇನು?

ಕಲ್ಲುಸಂದಿ:
ಸುರುಳಿ ಚುಕ್ಕೆ ಅಂದ್ರೆ ಸ್ಪೈರಾರ್ಬಿಡ್, ಅದೂ ಪಾಲಿಕೀಟ್ ಹುಳಾನೇ, ಸುಣ್ಣದ ಕೊಳವೆ ಕಟ್ಕೊಂಡು ಒಳಗೆ ಕೂತಿರತ್ತೆ, ನೀರು ಸೋಸಿ ತಿನ್ನತ್ತೆ, ಏನೂ ಮಾಡಲ್ಲ. ಫೆದರ್ ಡಸ್ಟರ್ ಕೂಡ ಇದೇ ಬಳಗ. ಔಷಧಿ ಹಾಕಿದ್ರೆ ಇವೆಲ್ಲ ಒಟ್ಟಿಗೆ ಸಾಯ್ತಾವೆ, ಜೊತೆಗೆ ಕಲ್ಲೊಳಗೆ ಸತ್ತ ಅಷ್ಟೂ ಬ್ರಿಸಲ್ ವರ್ಮ್ ಅಲ್ಲೇ ಕೊಳೆತು ಅಮೋನಿಯಾ ಏರತ್ತೆ, ಆಗ ಮೀನೂ ಉಳಿಯಲ್ಲ. ಗಾಜಿನ ಮೇಲಿರೋದು ಕಣ್ಣಿಗೆ ಕಿರಿಕಿರಿ ಅಂದ್ರೆ ಬ್ಲೇಡಲ್ಲಿ ಕೆರೀರಿ, ಅಕ್ರಿಲಿಕ್ ಟ್ಯಾಂಕಾದ್ರೆ ಹಳೇ ಪ್ಲಾಸ್ಟಿಕ್ ಕಾರ್ಡಲ್ಲಿ.