ಆಯಿಗೆ ಸಹಿ ಬರಲ್ಲ, ನೋಟರಿ ಹೆಂಗೆ ಮಾಡ್ಸೋದು?

ಡೊಂಬಿವಲಿ_ಮಾಣಿ:
ನಮ್ಮ ಆಯಿಗೆ 76, ಮೊದ್ಲಿಂದ್ಲೂ ಹೆಬ್ಬೆಟ್ಟೇ. ಕುಮಟಾದ ತೋಟ ಮಾರೋಕೆ ತಮ್ಮನ ಹೆಸ್ರಿಗೆ ಪವರ್ ಆಫ್ ಅಟಾರ್ನಿ (ಪಿಒಎ, ಅವಳ ಪರವಾಗಿ ಮಾರೋ ಅಧಿಕಾರ ಕೊಡೋ ಪತ್ರ) ಬೇಕು, ಆಧಾರ್‌ನಲ್ಲಿ ಒಂದು ಹೆಸ್ರು ಪಹಣಿಯಲ್ಲಿ ಇನ್ನೊಂದು ಇರೋದಕ್ಕೆ ಅಫಿಡವಿಟ್ ಬೇರೆ. ಮಂಡಿ ನೋವಿನ ಆಯಿನ ಮೂರನೇ ಮಾಳಿಗೆಯಿಂದ ಇಳಿಸಿ ಸ್ಟೇಶನ್ ಹತ್ರ ಒಬ್ಬ ನೋಟರಿ ಕಡೆ ಕರ್ಕೊಂಡು ಹೋದ್ರೆ ಸಹಿ ಹಾಕೋಕೆ ಬರದಿದ್ರೆ ಆಗಲ್ಲ ಅಂದ್ಬಿಟ್ಟ. ತರಕಾರಿಯವನ ಹತ್ರ ಒಂದ್ರೂಪಾಯಿ ಬಿಡದವ್ಳು ರಿಕ್ಷಾದಲ್ಲಿ ಮಾತೇ ಆಡ್ಲಿಲ್ಲ. ಕೂರಿಸ್ಕೊಂಡು ಹೆಸ್ರು ಬರೆಯೋದು ಕಲಿಸ್ಲಾ?

ಕೋರ್ಟ್_ಕಟ್ಟೆ:
ಬೇಡ ಮಾರಾಯ್ರೆ, ಈ ತಿಂಗ್ಳು ಕಲಿತ ಸಹಿ ಮುಂದಿನ ತಿಂಗ್ಳು ತಾಳೆ ಆಗಲ್ಲ, ಆಮೇಲೆ ಬ್ಯಾಂಕಲ್ಲಿ ಅದೇ ಇನ್ನೊಂದು ಗೋಳು. 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲೇ ಹೆಸ್ರು ಬರೆಯೋಕೆ ಬರದವ್ರ ಗುರುತೂ ಸಹಿ ಅಂತಿದೆ, ಆ ನೋಟರಿಗೆ ರಗಳೆ ಬೇಡ ಅಷ್ಟೇ. ಅಫಿಡವಿಟ್ ಬೇರೆ ನೋಟರಿ ಮಾಡ್ತಾರೆ. ಆದ್ರೆ ತೋಟದ ಪಿಒಎಗೆ ನೋಟರಿ ನೆಚ್ಕೋಬೇಡಿ. ಇನ್ನೊಬ್ರ ಪರವಾಗಿ ಪತ್ರ ನೋಂದಣಿಗೆ ಹಾಜರುಪಡಿಸೋ ಪಿಒಎ, ಕೊಡೋರು ವಾಸ ಇರೋ ಕಡೆಯ ಸಬ್ ರಿಜಿಸ್ಟ್ರಾರ್ ಮುಂದೆ ಆಗಿರ್ಬೇಕು ಅಂತ 1908ರ ರಿಜಿಸ್ಟ್ರೇಶನ್ ಕಾಯ್ದೆ ಸೆಕ್ಷನ್ 33. ಅಂದ್ರೆ ಕುಮಟಾಕ್ಕೆ ಹೋಗೋದು ಬೇಡ, ನಿಮ್ಮ ಏರಿಯಾದ ಆಫೀಸಲ್ಲೇ ಮಾಡ್ಸಿ. ನಡೆಯೋಕಾಗಲ್ಲ ಅಂದ್ರೆ ಅವ್ರು ಮನೆಗೂ ಬರ್ಬಹುದು, ಡಾಕ್ಟರ್ ಸರ್ಟಿಫಿಕೇಟ್ ಜೊತೆ ಅರ್ಜಿ ಕೊಡಿ.

ಕಲ್ಯಾಣದ_ಸುಮಕ್ಕ:
ನಮ್ಮ ಅತ್ತೆದು ಮಾಡ್ಸಿದ್ವಿ. ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆನೇ ಸವೆದಿತ್ತು, ಪ್ಯಾಡ್ ಮೇಲೆ ಒತ್ತಿ ಹಿಡಿದ್ರೆ ಕಾಗದದಲ್ಲಿ ಬರೀ ನೇರಳೆ ಮುದ್ದೆ. ಒದ್ದೆ ಬಟ್ಟೆಯಲ್ಲಿ ಒರ್ಸಿ ಒಣಗಿಸಿ, ತೆಳ್ಳಗೆ ಮಸಿ ಹಚ್ಚಿ, ಉಗುರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಸಲ ಉರುಳಿಸ್ಬೇಕು. ಎಡದ್ದಾ ಬಲದ್ದಾ ಅಂತ ಮೊದ್ಲೇ ಕೇಳ್ಕೊಳ್ಳಿ, ಕೆಲವ್ರು ಹೆಂಗಸರದ್ದು ಬಲ ಅಂತಾರೆ. ಪಕ್ಕದಲ್ಲಿ ಇದು ಇಂಥವರ ಇಂಥ ಕೈ ಹೆಬ್ಬೆಟ್ಟು ಅಂತ ಬರೆಸಿ. ನೋಟರಿ ರಿಜಿಸ್ಟರಲ್ಲೂ ಒತ್ತಬೇಕಾಗತ್ತೆ.

ಡೊಂಬಿವಲಿ_ಮಾಣಿ:
ಪತ್ರದಲ್ಲಿ ಏನಿದೆ ಅಂತ ಆಯಿಗೆ ಓದಿ ಹೇಳೋದು ನಾನೇ ಆಗ್ಬಹುದಾ?

ಕೋರ್ಟ್_ಕಟ್ಟೆ:
ನೀವೂ ಬೇಡ ತಮ್ಮನೂ ಬೇಡ, ನಾಳೆ ತಂಗಿ ಅಕಸ್ಮಾತ್ ತಕರಾರು ತೆಗೆದ್ರೆ ಮೊದ್ಲು ಹಿಡಿಯೋದೇ ಅದನ್ನ. ತೋಟದಲ್ಲಿ ಪಾಲಿಲ್ಲದ, ಕನ್ನಡ ಬರೋ ಪಕ್ಕದ ಮನೆಯವ್ರನ್ನ ಕರ್ಕೊಂಡು ಹೋಗಿ. ಇಂಗ್ಲಿಷ್ ಪತ್ರ ಕನ್ನಡದಲ್ಲಿ ಓದಿ ಹೇಳಿದೆ, ಅರ್ಥ ಆಗಿದೆ ಅಂದ್ರು ಅಂತ ಕೊನೆಗೆ ಬರ್ದು ಅವ್ರು ಸಹಿ ಹಾಕ್ಲಿ.

ಡೊಂಬಿವಲಿ_ಮಾಣಿ:
ಥ್ಯಾಂಕ್ಸ್. ಅರ್ಜಿ ಬರೆದಿದೀನಿ. ಸಾಯ್ಬರು ಮನೆಗೇ ಬರ್ತಾರಂದ್ರೆ ಕಷಾಯ ಕೊಡೋದಾ ಚಾ ಕೊಡೋದಾ ಅಂತ ಆಯಿ ಆಗ್ಲೇ ಶುರು ಮಾಡಿದಾಳೆ.